ರಾಷ್ಟ್ರಪತಿ ಭವನದಲ್ಲಿ ಕನ್ನಡಿಗ: ಬಿ.ಡಿ. ಜತ್ತಿ

ಭಾರತದ ರಾಷ್ಟ್ರಪತಿಯ ಹೊಣೆಯನ್ನು ನಿರ್ವಹಿಸಿದ ಏಕೈಕ ಕನ್ನಡಿಗರೆಂದರೆ ಬಸಪ್ಪ ದಾನಪ್ಪ ಜತ್ತಿಯವರು. 1977ರಲ್ಲಿ ಐದು ತಿಂಗಳಿಗೂ ಮಿಕ್ಕಿ ಅವರು ಹಂಗಾಮಿ ರಾಷ್ಟ್ರಪತಿಗಳಾಗಿದ್ದರು.

1912ರ ಸೆಪ್ಟೆಂಬರ್ 10ರಂದು ಜಮಖಂಡಿ ತಾಲೂಕಿನ ಸಾವಳಗಿಯ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದ ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಆರಂಭಿಸಿದರು. ಪುರಸಭೆಯಲ್ಲಿ ಮೊದಲಾದ ಅವರ ಸಾರ್ವಜನಿಕ ಜೀವನ ಜಮಖಂಡಿ ಸಂಸ್ಥಾನದ ಮಂತ್ರಿಪದವಿಯವರೆಗೆ ಬೆಳೆಯಿತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಬಳಿಕ ಅವರು ಬಿ.ಜಿ. ಖೇರ್ ಅವರ ಸರಕಾರದಲ್ಲಿ ಸಂಸದೀಯ ಕಾರ್ಯದರ್ಶಿಗಳಾದರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಅನಂತರ ಪಾಂಡಿಚೇರಿಯ ಉಪರಾಜ್ಯಪಾಲ ಹಾಗೂ ಒಡಿಶಾದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿ, 1974ರಲ್ಲಿ ಉಪರಾಷ್ಟ್ರಪತಿಗಳಾಗಿ ಆಯ್ಕೆಗೊಂಡರು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ, ಸಂವಿಧಾನದ ನಿಯಮದಂತೆ ಆ ಹೊಣೆ ಜತ್ತಿಯವರ ಹೆಗಲೇರಿತು. ರಾಷ್ಟ್ರಪತಿಗಳ ನೆರವಿಗೆ ಭವನದಲ್ಲಿಯೇ ಒಂದು ಸಚಿವಾಲಯವಿದೆ. ಮಂತ್ರಿಮಂಡಲದ ಸಲಹೆಗಳು, ಸಂಸತ್ತು ಅಂಗೀಕರಿಸಿದ ಮಸೂದೆಗಳು, ಕ್ಷಮಾದಾನದ ಅರ್ಜಿಗಳು ಅಲ್ಲಿಗೆ ಬರುತ್ತವೆ. ಕಡತವನ್ನು ಪರಿಶೀಲಿಸಿ ಸಿದ್ಧಪಡಿಸುವವರು ಹಲವರು. ಅಂಕಿತ ಹಾಕುವ ಕೈ ಮಾತ್ರ ಒಂದೇ.

ಮಾರ್ಚ್ 21ರಂದು ಆಂತರಿಕ ತುರ್ತುಪರಿಸ್ಥಿತಿ ಕೊನೆಗೊಂಡಿತು. 24ರಂದು ಮೊರಾರ್ಜಿ ದೇಸಾಯಿಯವರಿಗೆ ಜತ್ತಿಯವರು ಪ್ರಮಾಣವಚನ ಬೋಧಿಸಿದರು. ನಿಜವಾದ ಸತ್ವಪರೀಕ್ಷೆ ಎದುರಾದದ್ದು ಏಪ್ರಿಲ್ ಕೊನೆಯಲ್ಲಿ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಹೊಸ ಸರಕಾರ ಸಲಹೆ ನೀಡಿತು. ಇದನ್ನು ತಡೆಯಬೇಕೆಂಬ ರಾಜ್ಯಗಳ ದಾವೆಯನ್ನು ಸರ್ವೋಚ್ಚ ನ್ಯಾಯಾಲಯವು 29ರಂದು ತಳ್ಳಿಹಾಕಿತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಕಾಂಗ್ರೆಸ್ಸಿನಿಂದ ಬಂದವರು ಹಳೆಯ ಪಕ್ಷಕ್ಕೆ ನೆರವಾಗುತ್ತಿದ್ದಾರೆಂದು ಕೆಲವರು ಶಂಕಿಸಿದರು. ಚುನಾಯಿತ ಸಭೆಗಳನ್ನು ಅವಸರದಲ್ಲಿ ವಿಸರ್ಜಿಸಬಾರದೆಂಬ ವಿವೇಕವನ್ನು ಇನ್ನು ಕೆಲವರು ಅದರಲ್ಲಿ ಕಂಡರು.

ಆದರೆ ಅವರ ಮುಂದೆ ದಾರಿಯೇ ಇರಲಿಲ್ಲ. 1976ರ 42ನೆಯ ತಿದ್ದುಪಡಿಯು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕೆಂದು ರಾಷ್ಟ್ರಪತಿಯನ್ನು ಕಟ್ಟಿಹಾಕಿತ್ತು. ಮರುದಿನ, ಏಪ್ರಿಲ್ 30ರಂದು, ಅವರು ಅಂಕಿತ ಹಾಕಿದರು. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾಗಿ ಅಧಿಕಾರ ವಹಿಸಿಕೊಂಡಾಗ ಜತ್ತಿಯವರು ತಮ್ಮ ಹಿಂದಿನ ಸ್ಥಾನಕ್ಕೆ ಮರಳಿ, 1979ರವರೆಗೆ ಅಲ್ಲಿ ಮುಂದುವರಿದರು.

ಜತ್ತಿಯವರಿಗೆ ದೊರೆಯದ ಅವಕಾಶವನ್ನು 1978ರ 44ನೆಯ ತಿದ್ದುಪಡಿಯು ಮುಂದಿನವರಿಗೆ ಒದಗಿಸಿತು. ಸಲಹೆಯನ್ನು ಒಮ್ಮೆ ಪುನರ್ವಿಮರ್ಶೆಗೆ ಮರಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು. 1997ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಹೀಗೆ ಹಿಂದಿರುಗಿಸಿದಾಗ, ಸರಕಾರ ಅದನ್ನು ಕೈಬಿಟ್ಟಿತು.

ಶರಣರ ವಿಚಾರಗಳ ಪ್ರಸಾರಕ್ಕಾಗಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು 1964ರಲ್ಲಿ ಸ್ಥಾಪಿಸಿದ ಜತ್ತಿಯವರು 2002ರ ಜೂನ್ 7ರಂದು ನಿಧನರಾದರು. ಒಂದು ದಿನದ ಅವರ ಆ ಹಿಂಜರಿಕೆಯನ್ನು ಇಂದು ಹೇಗೆಯೇ ಅಳೆದರೂ, ಸಹಿಗೆ ಮುನ್ನ ಮರುಚಿಂತನೆಗೆ ಎಡೆಯಿರಬೇಕೆಂಬುದನ್ನು ಸಂವಿಧಾನವೇ ಬಳಿಕ ಒಪ್ಪಿಕೊಂಡಿತು.