ರಾಜ್ಯ ಹೋಯ್ತು, ಆಟ ಉಳೀತು

ನಮ್ಮ ಗೇಮ್ ಡಿಸೈನ್ ಟೀಮು ಮೂರನೇ ವಾರಕ್ಕೇ ಒಡೆದುಹೋಯ್ತು. ಕೋಡ್ ಬರೆಯೋರು ಒಂದು ಕಡೆ, ಚಿತ್ರ ಬಿಡಿಸೋರು ಇನ್ನೊಂದು ಕಡೆ, ನಡುವೆ ಯಾರ ಹೆಸರು ಮೊದಲು ಬರಬೇಕು ಅನ್ನೋ ಜಗಳ. ಆ ಮುನಿಸಿನಲ್ಲೇ ಒಂದು ಶನಿವಾರ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದ್ವಿ. ಕವಿ ಬೊಮ್ಮರಸನ ಊರು ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಮಾತು ಮುಮ್ಮಡಿ ಕೃಷ್ಣರಾಜ ಒಡೆಯರ ಕಡೆಗೆ ತಿರುಗಿತು. ಅರಿಕುಠಾರ ಅನ್ನೋ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದವರು ಅವರೇ. ಅವರು ನಮ್ಮ ನಾಡಿನ ದೊಡ್ಡ ಗೇಮ್ ಡಿಸೈನರ್ ಕೂಡ ಅನ್ನೋದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಮಡಿದ ಮೇಲೆ 1799ರಲ್ಲಿ ಐದೇ ವರ್ಷದ ಹುಡುಗನನ್ನ ಪಟ್ಟಕ್ಕೆ ಕೂರಿಸಿದ್ರು. ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರ ಕೈಯಲ್ಲಿ. ಆಮೇಲೆ ಇಪ್ಪತ್ತು ವರ್ಷ ಸ್ವಂತ ಆಳ್ವಿಕೆ. ನಗರದ ರೈತರ ದಂಗೆಯ ನೆಪ ಸಿಕ್ಕಿ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಆಗ ಅವರ ವಯಸ್ಸು 37. ಮುಂದೆ ಬದುಕಿದ್ದು ಹೆಚ್ಚುಕಮ್ಮಿ ಇನ್ನಷ್ಟೇ ವರ್ಷ, ಕೈಯಲ್ಲಿ ಅಧಿಕಾರ ಇಲ್ಲದೆ.

ನಮಗಾದ್ರೆ ಒಂದು ರಿವ್ಯೂನಲ್ಲಿ ಮಾರ್ಕ್ಸ್ ಕಡಿಮೆ ಬಂದ್ರೂ ಲ್ಯಾಪ್‌ಟಾಪ್ ಮುಚ್ಚಿಬಿಡೋಣ ಅನ್ಸುತ್ತೆ. ಅರಸರು ಮಾತ್ರ ರಾಜ್ಯ ವಾಪಸ್ ಕೊಡಿ ಅಂತ ಅರ್ಜಿ ಮೇಲೆ ಅರ್ಜಿ ಬರೀತಾನೇ ಆಟ ಕಟ್ಟುತ್ತಾ ಹೋದ್ರು. ಮನಸ್ಸು ಮರೆಸಿಕೊಳ್ಳೋಕೆ ಮಾಡಿದ್ದಿರಬಹುದು. ಇರಲಿ, ಆದ ಕೆಲಸ ಮಾತ್ರ ಕಡಿಮೆಯದಲ್ಲ. ಗಂಜೀಫಾದಲ್ಲಿ 36 ಎಲೆಯ ಕಟ್ಟಿನಿಂದ 360 ಎಲೆಯ ಕಟ್ಟಿನವರೆಗೆ ಹೊಸ ಆಟಗಳು ಬಂದವು. ದೇವೀ ಸಾಯುಜ್ಯದಂಥ ಹಾಸಿನ ಆಟಗಳೂ ಹುಟ್ಟಿದವು. ಶ್ರೀತತ್ತ್ವನಿಧಿ ಅನ್ನೋ ಒಂಬತ್ತು ನಿಧಿಗಳ ಚಿತ್ರಗ್ರಂಥದಲ್ಲಿ ಕೊನೆಯ ಕೌತುಕನಿಧಿಯಲ್ಲಿ ಇಂಥ ವಿನೋದಗಳೂ ಇವೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆ ಮೇಲೂ ಅವರ ಆಟಗಳನ್ನ ಬರೆಸಿದ್ದಾರೆ.

ನಮ್ಮನ್ನ ಹಿಡಿದು ನಿಲ್ಲಿಸಿದ್ದು ಚದುರಂಗದ ಕುದುರೆ. 64 ಮನೆಯನ್ನೂ ಕುದುರೆ ಒಂದೊಂದೇ ಸಲ ಮುಟ್ಟಬೇಕು. ಹೆಜ್ಜೆಗೆ 1ರಿಂದ 64ರವರೆಗೆ ನಂಬರ್ ಹಾಕಿದ್ರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ 260 ಆಗಬೇಕು. ಅಂಥ ನಡೆಯನ್ನ ಅವರು ಕಾಗದದ ಮೇಲೆ ಸಾಧಿಸಿದ್ರು. ಮೂಲೆಯಿಂದ ಮೂಲೆಗೆ ಹೋಗೋ ಎರಡು ಸಾಲೂ 260 ಬರೋದು ಸಾಧ್ಯವೇ ಇಲ್ಲ ಅಂತ ಗೊತ್ತಾಗಿದ್ದು 2003ರಲ್ಲಿ. ಅದಕ್ಕೆ ಕಂಪ್ಯೂಟರುಗಳು ಎಲ್ಲ ದಾರಿಯನ್ನೂ ಹುಡುಕಿ ಮುಗಿಸಬೇಕಾಯ್ತು. ಸಿಕ್ಕ ಬೇರೆ ಬೇರೆ ನಡೆಗಳು 140.

ಒಂದು ವಿಷಯ ಮಾತ್ರ ನಮಗೆ ಚುಚ್ಚುತ್ತೆ. ಇಂಥ ಕೆಲಸ ಒಬ್ಬರಿಂದ ಆಗೋದಲ್ಲ. ಶ್ಲೋಕಕ್ಕೆ ಪಂಡಿತರು ಬೇಕು, ಎಲೆ ಎಲೆಗೂ ಬಣ್ಣ ತುಂಬೋಕೆ ಚಿತ್ರಗಾರರು ಬೇಕು. ನಿಯಮ ತಿಳಿಯದ ಚಿತ್ರಗಾರ 360 ಎಲೆ ಬರೆದ್ರೆ ಆಟ ನಡೆಯೋದೇ ಇಲ್ಲ. ಅಷ್ಟು ಜನ ಹೊಂದಿಕೊಂಡು ಮಾಡಿದ ಕೆಲಸಕ್ಕೆ ಉಳಿದದ್ದು ಅರಸರೊಬ್ಬರ ಹೆಸರು. ಕಾಲ ಹಾಗಿತ್ತು ಅನ್ನಬಹುದು, ಆದ್ರೂ ನಾವು ಒಪ್ಪಲ್ಲ. ಅವರ ಛಲ ನಮಗೆ ಬೇಕು, ಈ ಪದ್ಧತಿ ಬೇಡ.

1865ರಲ್ಲಿ ಚಾಮರಾಜೇಂದ್ರರನ್ನ ದತ್ತು ತಗೊಂಡ್ರು. ಬ್ರಿಟಿಷರು ಆ ದತ್ತನ್ನ ಒಪ್ಪಿದ ಮೇಲೆ, 1868ರ ಮಾರ್ಚಿಯಲ್ಲಿ ತೀರಿಕೊಂಡರು. ರಾಜ್ಯ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅದನ್ನ ಅವರು ನೋಡಲಿಲ್ಲ.

ತೆರಕಣಾಂಬಿ ದಾಟೋ ಹೊತ್ತಿಗೆ ಅಬ್ಸರ್ವೇಶನ್ ಬುಕ್ಕಿನ ಹಿಂದೆ 64 ಮನೆ ಗೀಚಿ ಕುದುರೆ ಓಡಿಸ್ತಾ ಇದ್ವಿ. ಕೋಡ್ ಬರೆಯೋರ ಕುದುರೆ 57ಕ್ಕೆ ಸಿಕ್ಕಿಹಾಕಿಕೊಳ್ತು. ಎಲ್ಲಿ ತಪ್ಪಿತು ಅಂತ ತೋರಿಸಿದ್ದು ಎರಡು ವಾರದಿಂದ ಮಾತು ಬಿಟ್ಟಿದ್ದ ನಮ್ಮ ಚಿತ್ರದವಳು. ಹನ್ನೊಂದು ಹೆಜ್ಜೆ ಹಿಂದಕ್ಕೆ ಅಳಿಸಿ ಮತ್ತೆ ಶುರು ಮಾಡಿದ್ವಿ.