ತ್ಯಾಗವೀರ ಸಿರಸಂಗಿ ಲಿಂಗರಾಜರು

ಧನವು ಮನೆಯೊಳಗೆ ನಿಂತರೆ ಒಂದು ಮನೆತನದ ಸೊತ್ತು. ಸಮಾಜಕ್ಕೆ ಹರಿದರೆ ದಾಸೋಹ. ಈ ತತ್ತ್ವವನ್ನು ನುಡಿದವರು ಬಹುಜನ. ಸರ್ವಸ್ವವನ್ನೂ ಒಪ್ಪಿಸಿ ನಡೆದು ತೋರಿದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು ಸಿರಸಂಗಿಯ ಶ್ರೀ ಲಿಂಗರಾಜ ದೇಸಾಯಿಯವರು. ಹಳ್ಳಿಯ ಬಡ ಬಾಲಕನು ಹಾಯಸ್ಕೂಲಿನ ಮೆಟ್ಟಿಲನ್ನು ಹತ್ತುವಂತಾದ ಕಥೆಯಲ್ಲಿ ಅವರ ಹೆಸರು ಅಳಿಯದಂತೆ ಬೆರೆತಿದೆ.

ಲಿಂಗರಾಜರು 1861ನೆಯ ಇಸವಿಯಲ್ಲಿ ಶಿಗ್ಲಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಸಿರಸಂಗಿ-ನವಲಗುಂದದ ದೇಸಗತಿಗೆ ದತ್ತಕರಾಗಿ ಬಂದರು. ದತ್ತಕಪುತ್ರನು ಮನೆತನದ ಹೆಸರನ್ನು ಉಳಿಸಿ, ಆಸ್ತಿಯನ್ನು ಕಾಯ್ದು, ಮುಂದಿನ ವಾರಸನ ಕೈಗೆ ಒಪ್ಪಿಸತಕ್ಕವನೆಂಬುದು ಅಂದಿನ ಶ್ರೀಮಂತ ಮನೆತನಗಳ ನಿಯಮವಾಗಿತ್ತು. ವಾಡೆಯ ವೈಭವವು ಅವರಿಗೆ ಕೊರತೆಯಾಗಿರಲಿಲ್ಲ. ಆದರೆ ಅವರ ದೃಷ್ಟಿಯು ವಾಡೆಯ ಗೋಡೆಗಳನ್ನು ದಾಟಿತ್ತು.

ಆ ಕಾಲದಲ್ಲಿ ಹಾಯಸ್ಕೂಲುಗಳು ಕೆಲವೇ ಪಟ್ಟಣಗಳಲ್ಲಿದ್ದುವು. ಒಕ್ಕಲುತನ ಮತ್ತು ವ್ಯಾಪಾರಗಳಲ್ಲಿ ನಿರತವಾಗಿದ್ದ ಸಮಾಜದಲ್ಲಿ ಇಂಗ್ಲಿಷ್ ವಿದ್ಯೆಯನ್ನು ಪಡೆದವರು ಬೆರಳೆಣಿಕೆಯಷ್ಟು. ಬುದ್ಧಿಯಿದ್ದರೂ ಊರು ಬಿಟ್ಟು ಹೋಗಿ ಉಳಿಯಲು ಹಣವಿಲ್ಲದೆ ಎಷ್ಟೋ ಬಾಲಕರ ಓದು ಹಳ್ಳಿಯ ಶಾಲೆಯಲ್ಲಿಯೇ ಮುಗಿಯುತ್ತಿತ್ತು. ಈ ಕೊರತೆಯನ್ನು ಕಂಡು ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಮಹನೀಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಅವರು ಹಿಡಿದ ವಿದ್ಯಾದಾನದ ಮಾರ್ಗವೇ ಲಿಂಗರಾಜರ ಹೃದಯಕ್ಕೂ ಒಪ್ಪಿಗೆಯಾಯಿತು.

1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ನೆರೆದಾಗ, ಅಧ್ಯಕ್ಷಪೀಠವು ಲಿಂಗರಾಜರಿಗೆ ಸಂದಿತು. ಸಂಸ್ಥಾನಿಕನಾದವನು ವಿರಕ್ತಮೂರ್ತಿಯ ಸಂಕಲ್ಪಕ್ಕೆ ಹೆಗಲು ಕೊಟ್ಟುದು ಆ ದಿನದ ಹಿರಿಮೆ.

ಅವರ ಜೀವನದ ಪರಮಕಾರ್ಯವು ಅವರ ಮೃತ್ಯುಪತ್ರ. ದತ್ತಕದಿಂದ ತಮಗೆ ಬಂದ ಆಸ್ತಿಯನ್ನು ಮತ್ತೊಬ್ಬ ದತ್ತಕನಿಗೆ ದಾಟಿಸುವುದು ಸುಲಭವಾಗಿತ್ತು. ಲೋಕವೂ ಅದನ್ನೇ ಮೆಚ್ಚುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ದೇಸಗತಿಯ ಸಂಪತ್ತು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲತಕ್ಕದ್ದೆಂದು ಬರೆದಿಟ್ಟರು. ಒಬ್ಬ ವಾರಸನನ್ನು ಬಿಟ್ಟು ಸಾವಿರಾರು ವಾರಸರನ್ನು ಪಡೆದರು. 1906ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಲಿಂಗೈಕ್ಯರಾದರು. ಅವರ ಸಂಕಲ್ಪದಿಂದ ಮೂಡಿದ ನವಲಗುಂದ-ಸಿರಸಂಗಿ ಟ್ರಸ್ಟಿನ ನೆರವಿನಿಂದ ಅನೇಕ ವಿದ್ಯಾರ್ಥಿಗಳು ಓದಿ ಮುಂದೆ ಬಂದರು.

ಅವರು ಅಗಲಿದ ಹತ್ತು ವರ್ಷಗಳ ಮೇಲೆ, 1916ರ ನವಂಬರ 13ರಂದು, ಏಳು ಮಂದಿ ಉತ್ಸಾಹಿಗಳು ಬೆಳಗಾವಿಯಲ್ಲಿ ಒಂದು ಆಂಗ್ಲ-ದೇಶಭಾಷಾ ಶಾಲೆಯನ್ನು ತೆರೆದರು. ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಗೆ ಅದೇ ಬುನಾದಿ. ಆ ಶಾಲೆಯೇ ಮುಂದೆ ಗಿಲಗಂಚಿ-ಅರಟಾಳ ಹಾಯಸ್ಕೂಲೆಂದು ಪ್ರಖ್ಯಾತವಾಯಿತು. ಹೆಚ್ಚಿನ ಸಂಬಳದ ಆಸೆಯನ್ನು ತೊರೆದು, ಆಜೀವ ಸದಸ್ಯರಾಗಿ ಸಂಸ್ಥೆಗೆ ಆಯುಷ್ಯವನ್ನೇ ಮುಡಿಪಿಡುವ ಶಿಕ್ಷಕರ ಸಂಪ್ರದಾಯವನ್ನು ಆ ಸಂಸ್ಥಾಪಕರು ಹಾಕಿಕೊಟ್ಟರು. ಪಾಠಶಾಲೆಗೆ ಹಿರಿಯರ ಹೆಸರು ಭೂಷಣ. ಗುರುವಿನ ತ್ಯಾಗವು ಪ್ರಾಣ. 1933ರಲ್ಲಿ ಅದೇ ಸಂಸ್ಥೆಯು ಬೆಳಗಾವಿಯಲ್ಲಿ ಕಾಲೇಜನ್ನು ಸ್ಥಾಪಿಸಿ, ಅದಕ್ಕೆ ಲಿಂಗರಾಜರ ಹೆಸರನ್ನಿಟ್ಟಿತು. ಹೀಗೆ ಗಿಲಗಂಚಿ ಮತ್ತು ಅರಟಾಳದ ಹೆಸರಿನ ಹಾಯಸ್ಕೂಲನ್ನು ಮುಗಿಸಿದ ಬಾಲಕನು ಲಿಂಗರಾಜರ ಹೆಸರಿನ ವಿದ್ಯಾಮಂದಿರವನ್ನು ಪ್ರವೇಶಿಸುವಂತಾಯಿತು.

ವಾಡೆಗಳು ಹಳೆಯವಾಗುತ್ತವೆ, ದೇಸಗತಿಗಳು ಕಾಲವಶವಾಗುತ್ತವೆ. ಶಾಲೆಯ ಗಂಟೆಯು ಮಾತ್ರ ಪ್ರತಿದಿನವೂ ಹೊಸತಾಗಿ ಬಾರಿಸುತ್ತದೆ. ಮಠದ ಅನ್ನದಾಸೋಹದಲ್ಲಿ ಒಂದು ಹಿಡಿ ಅಕ್ಕಿಯನ್ನು ಅರ್ಪಿಸುವ ಭಕ್ತನೂ, ಬಡ ವಿದ್ಯಾರ್ಥಿಗೆ ಒಂದು ಪುಸ್ತಕವನ್ನು ಕೊಡಿಸುವ ಗೃಹಸ್ಥನೂ ಲಿಂಗರಾಜರ ದಾರಿಯಲ್ಲಿಯೇ ನಡೆಯುವವರು. ಆ ಮಹಾತ್ಮರ ನೆನಹು ಶಿಷ್ಯವರ್ಗಕ್ಕೆ ಸದಾ ದಾರಿದೀಪವಾಗಲಿ.