ಒಂದು ಡಾಲರ್ ನೋಟಿನ ಮುಚ್ಚಿದ ಬಾಯಿ

ಅಮೆರಿಕದ ಒಂದು ಡಾಲರ್ ನೋಟನ್ನ ಗೂಗಲ್‌ನಲ್ಲಿ ಹುಡುಕಿ, ಜಾರ್ಜ್ ವಾಷಿಂಗ್ಟನ್ ಅವರ ಬಾಯಿ ಹತ್ರ ಝೂಮ್ ಮಾಡಿ ನೋಡಿ. ತುಟಿ ಬಿಗಿಯಾಗಿ ಮುಚ್ಚಿದೆ, ಬಾಯಿಯ ಸುತ್ತ ಸ್ವಲ್ಪ ಉಬ್ಬಿದ ಹಾಗಿದೆ. ದೊಡ್ಡ ಮನುಷ್ಯರು, ಗಂಭೀರವಾಗಿ ಕೂತಿದಾರೆ ಅಂದ್ಕೋತೀವಿ. ಆದ್ರೆ ಆ ಬಾಯೊಳಗೆ ಸ್ಪ್ರಿಂಗ್ ಇತ್ತು.

ವಾಷಿಂಗ್ಟನ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ವರ್ಜೀನಿಯಾದ ಜಮೀನುದಾರರ ಮನೆಯಲ್ಲಿ. 24ನೇ ವಯಸ್ಸಿಗೇ ಒಂದು ಹಲ್ಲು ಕೀಳಿಸೋಕೆ 5 ಶಿಲಿಂಗ್ ಕೊಟ್ಟ ಲೆಕ್ಕ ಅವರ ಪುಸ್ತಕದಲ್ಲಿದೆ. ಆಮೇಲೆ ಒಂದೊಂದಾಗಿ ಹೋಗ್ತಾ ಬಂದವು. 1775ರಲ್ಲಿ ಸೇನಾಪತಿಯಾದರು, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯವನ್ನ ಶರಣಾಗಿಸಿದರು. (ಹೌದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಮಕ್ಕಳನ್ನ ಒತ್ತೆಯಾಗಿ ತಗೊಂಡ ಅದೇ ಕಾರ್ನ್‌ವಾಲಿಸ್!) 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣ ವಚನ ತಗೊಳ್ಳುವಾಗ ಬಾಯಲ್ಲಿ ಸ್ವಂತದ್ದು ಅಂತ ಉಳಿದಿದ್ದು ಒಂದೇ ಒಂದು ಹಲ್ಲು.

ಅವರ ಹಲ್ಲಿನ ಡಾಕ್ಟರ್ ಜಾನ್ ಗ್ರೀನ್‌ವುಡ್, ಆ ಕಾಲದ ಹೆಸರಾಂತ ಕೈ. ಮರದ ಹಲ್ಲು ಅನ್ನೋ ಕತೆ ಸುಳ್ಳು. ನೀರುಕುದುರೆಯ ದಂತ ಕೆತ್ತಿ, ಉಳಿದ ಆ ಒಂದು ಹಲ್ಲಿಗೆ ತೂತು ಬಿಟ್ಟು ಸೆಟ್ ಮಾಡಿದ್ದರು. ಹೀರಿ ಹಿಡಿಯುವಂಥ ಡೆಂಚರ್ ಆಗ ಇರಲಿಲ್ಲ, ಅದಕ್ಕೆ ಮೇಲಿನ ಸೆಟ್ಟು ಕೆಳಗಿನ ಸೆಟ್ಟಿನ ನಡುವೆ ಲೋಹದ ಸ್ಪ್ರಿಂಗ್. ಮೆಕ್ಯಾನಿಕ್ಸ್ ಓದಿದವರಿಗೆ ತಕ್ಷಣ ಗೊತ್ತಾಗುತ್ತೆ: ಸ್ಪ್ರಿಂಗ್ ಎರಡನ್ನೂ ದೂರ ತಳ್ಳುತ್ತೆ, ಅದರಿಂದ ಅವು ವಸಡಿಗೆ ಒತ್ತಿ ಕೂರುತ್ತವೆ. ಆದ್ರೆ ಬಾಯಿ ಮುಚ್ಚಿರಬೇಕಂದ್ರೆ ಮನುಷ್ಯ ದಿನವಿಡೀ ದವಡೆ ಕಚ್ಚಿ ಹಿಡಿದೇ ಇರಬೇಕು. ಡಿಸೈನ್ ಕೆಲಸ ಮಾಡ್ತು, ಹಾಕ್ಕೊಂಡವರಿಗೆ ಮಾತ್ರ ನೆಮ್ಮದಿ ಇಲ್ಲ.

ಇನ್ನೊಂದು ಲೆಕ್ಕ ಓದಿದಾಗ ನನಗೆ ಮುಂದೆ ಓದೋಕೆ ಆಗಲಿಲ್ಲ, ಸ್ವಲ್ಪ ಹೊತ್ತು ನಿಲ್ಲಿಸಿದೆ. 1784ರಲ್ಲಿ ಅವರ ಎಸ್ಟೇಟಿನ ಲೆಕ್ಕದಲ್ಲಿ ಗುಲಾಮರಿಂದ 9 ಹಲ್ಲು ಕೊಂಡಿದ್ದಕ್ಕೆ 122 ಶಿಲಿಂಗ್ ಬರೆದಿದೆ. ಒಂದಕ್ಕೆ ಹದಿಮೂರೂವರೆ ಶಿಲಿಂಗ್ ಬಿತ್ತು. ಕೊಟ್ಟವರ ಹೆಸರು ಆ ಸಾಲಿನಲ್ಲಿಲ್ಲ. ದುಡ್ಡು ಕೊಟ್ಟಿದ್ದಾರಲ್ಲ ಅಂತ ಕೆಲವರು ವಾದ ಮಾಡ್ತಾರೆ. ಒಡೆಯ ಕೇಳಿದಾಗ ಆಗಲ್ಲ ಅನ್ನೋ ಹಕ್ಕೇ ಇಲ್ಲದವರ ಹತ್ರ ಅದು ಎಂಥ ವ್ಯಾಪಾರ? ಮೌಂಟ್ ವರ್ನನ್ ಮ್ಯೂಸಿಯಂನಲ್ಲಿ ಈಗಲೂ ಇರುವ ಅವರ ಸೆಟ್ಟಿನಲ್ಲಿ ಸೀಸದ ಜೊತೆ ಮನುಷ್ಯರ ಹಲ್ಲೂ ಇದೆ.

ಅವರು ಗ್ರೀನ್‌ವುಡ್‌ಗೆ ಬರೆದ ಕಾಗದಗಳಲ್ಲಿ ನೋವಿನ ಜೊತೆಗೆ ರೂಪದ ದೂರೂ ಬರುತ್ತೆ. ಸೆಟ್ಟು ಮುಂದೆ ಚಾಚಿ ತುಟಿ ಉಬ್ಬುತ್ತೆ, ಇನ್ನು ಒಂಚೂರೂ ಉಬ್ಬೋ ಹಾಗೆ ಮಾಡಬೇಡಿ ಅಂತ ಮತ್ತೆ ಮತ್ತೆ ಕೇಳ್ಕೊಂಡಿದ್ದಾರೆ. ಗ್ರೀನ್‌ವುಡ್‌ ಉತ್ತರದಲ್ಲಿ, ಹಲ್ಲು ಕಪ್ಪಾಗಿದ್ದಕ್ಕೆ ಪೋರ್ಟ್ ವೈನ್ ಕಾರಣ ಅಂದರು. ಅಷ್ಟು ದೊಡ್ಡ ಅಧ್ಯಕ್ಷರಿಗೂ ಇದೇ ಚಿಂತೆ! ನಮ್ಮ ಬಿಜ್ಜರಗಿ ಕಡೆ ಮುಂದಿನ ಹಲ್ಲು ಹೋದ ಅಜ್ಜಿಯರು ಫೋಟೋ ಅಂದ್ರೆ ಸೆರಗು ಬಾಯಿಗೆ ಅಡ್ಡ ಹಿಡೀತಾರ. ವಾಷಿಂಗ್ಟನ್ ಅವರಿಗೆ ಸೆರಗಿರಲಿಲ್ಲ. 1796ರಲ್ಲಿ ಗಿಲ್ಬರ್ಟ್ ಸ್ಟುವರ್ಟ್ ಅವರ ಮುಂದೆ ಕೂತರು, ಆ ಚಿತ್ರವೇ ನೋಟಿಗೆ ಬಂತು.

ಮುಂದಿನ ಹಲ್ಲು ಚೆನ್ನಾಗಿ ಕೂತಿದೆಯಾ ಅಂತ ಹೇಳೋದು ಯಾರು, ಮಾಡಿದವರಾ ಹಾಕ್ಕೊಂಡವರಾ? ಇದು ಇವತ್ತಿಗೂ ಮುಗಿದಿಲ್ಲ. 1965ರಲ್ಲಿ ಸ್ವೀಡನ್‌ನ ಬ್ರೋನೆಮಾರ್ಕ್ ದವಡೆ ಮೂಳೆಗೇ ಟೈಟಾನಿಯಂ ಸ್ಕ್ರೂ ಕೂರಿಸಿದರು. 2005ರಲ್ಲಿ ಇಂಪ್ಲಾಂಟ್ ಸುತ್ತಲಿನ ವಸಡಿನ ಆಕಾರ, ಬಣ್ಣ ಎಲ್ಲ ಸೇರಿ 7 ಅಂಶಕ್ಕೆ ತಲಾ 2ರಂತೆ 14 ಅಂಕ ಕೊಡೋ ಪದ್ಧತಿನೂ ಬಂತು. ಡಾಕ್ಟರು ಅಂಕ ಕತ್ತರಿಸಿದ ಕಡೆ ಪೇಷಂಟು ಖುಷಿಯಾಗಿರೋದು ಸಾಮಾನ್ಯ. ಅದಕ್ಕೇ ಈಗ ಪೇಷಂಟಿನ ಅಭಿಪ್ರಾಯವನ್ನ ಬೇರೆಯಾಗಿ ಕೇಳಿ ಬರ್ಕೋತಾರೆ. ವಾಷಿಂಗ್ಟನ್ ಅವರು ಯಾರೂ ಕೇಳದೇನೇ ಬರೆದಿದ್ದರು.

ಆ ಕೊನೆಯ ಹಲ್ಲೂ 1796ರಲ್ಲಿ ಹೋಯ್ತು. ಟಿಪ್ಪು ತೀರಿಕೊಂಡ 1799ರಲ್ಲೇ, ಡಿಸೆಂಬರ್ 14ರಂದು, ಗಂಟಲ ಬೇನೆಯಿಂದ ವಾಷಿಂಗ್ಟನ್ ತೀರಿಕೊಂಡರು. ಕಿತ್ತ ಹಲ್ಲನ್ನ ಗ್ರೀನ್‌ವುಡ್ ಚಿನ್ನದ ಪುಟ್ಟ ಡಬ್ಬಿಯಲ್ಲಿಟ್ಟು ಕಾಪಾಡಿದ್ದರು. ಅದು ಈಗ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್‌ನಲ್ಲಿದೆ.